ಬಿಎಂಎಕ್ಸ್ ಕಲಿಯುವವರಿಗೆ ರಕ್ಷಣಾ ಸಾಮಗ್ರಿ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ

ರೇಸಿಗೂ ಕಸರತ್ತಿಗೂ ಬಳಸುವ ಬಿಎಂಎಕ್ಸ್ ಸೈಕಲ್ ನೋಡಲು ಪುಟ್ಟದು. 20 ಇಂಚಿನ ಚಕ್ರ, ಒಂದೇ ಗೇರ್, ತೀರಾ ತಗ್ಗಿನ ಸೀಟು. ಆ ಸೀಟು ಇರುವುದು ಕೂರಲಿಕ್ಕಲ್ಲ, ಕಾಲಿಗೆ ಅಡ್ಡ ಬರದಿರಲಿ ಎಂದೇ ಅದನ್ನು ಅಷ್ಟು ತಗ್ಗಿಸಿರುತ್ತಾರೆ. ಸವಾರಿ ಬಹುಪಾಲು ಪೆಡಲ್ ಮೇಲೆ ನಿಂತೇ ನಡೆಯುತ್ತದೆ. ಹಾಗಾಗಿ ಮಾಮೂಲಿ ಸೈಕಲ್ಲಿನಿಂದ ಬೀಳುವ ರೀತಿಯೇ ಬೇರೆ, ಇದರಿಂದ ಬೀಳುವ ರೀತಿಯೇ ಬೇರೆ. ಸಾಮಗ್ರಿ ಕೊಳ್ಳುವಾಗ ಜನ ಎಡವುವುದು ಇಲ್ಲೇ. ಅಂಗಡಿಯಲ್ಲಿ ಕಂಡ ಆರು ಪೀಸಿನ ಸೆಟ್ ತಂದುಬಿಡುತ್ತಾರೆ. ಅದರಲ್ಲಿ ಮೊಣಕಾಲಿಗೆ ಎರಡು, ಮೊಣಕೈಗೆ ಎರಡು, ಮಣಿಕಟ್ಟಿಗೆ ಎರಡು. ಅದು ಸ್ಕೇಟಿಂಗ್‌ಗೆ ಮಾಡಿದ್ದು. ಬಿಎಂಎಕ್ಸ್ ಕಲಿಯುವವರಿಗೆ ದಿನವೂ ಪೆಟ್ಟು ಬೀಳುವ ಕಣಕಾಲಿಗೆ, ಅಂದರೆ ಮೊಣಕಾಲಿನಿಂದ ಕಾಲ್ಗಿಣ್ಣಿನವರೆಗಿನ ಭಾಗಕ್ಕೆ, ಅದರಲ್ಲಿ ಏನೂ ಇಲ್ಲ.

ಆದ್ದರಿಂದ ಮೊದಲು ಬೀಳುವ ಬಗೆ ನೋಡೋಣ. ಹೊಸಬರಲ್ಲಿ ಅದು ಹೆಚ್ಚಾಗಿ ನಾಲ್ಕು ತರ. ಒಂದು, ಪಾದ ಪೆಡಲಿನಿಂದ ಜಾರಿ, ತಿರುಗಿ ಬಂದ ಪೆಡಲ್ ಕಣಕಾಲಿಗೆ ಬಡಿಯುವುದು. ಎಲ್ಲಕ್ಕಿಂತ ಹೆಚ್ಚು ಆಗುವುದು ಇದೇ, ಇದಕ್ಕೆ ಬೀಳಲೇಬೇಕೆಂದೂ ಇಲ್ಲ. ಎರಡು, ಮುಂದಿನ ಚಕ್ರ ಎಲ್ಲೋ ಸಿಕ್ಕಿ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುವುದು. ಆಗ ಮೊದಲು ನೆಲ ಮುಟ್ಟುವುದು ಅಂಗೈ, ಆಮೇಲೆ ಮೊಣಕಾಲು, ಗ್ರಹಚಾರ ಕೆಟ್ಟಿದ್ದರೆ ಗದ್ದ. ಮೂರು, ಮ್ಯಾನ್ಯುಯಲ್ (ಪೆಡಲ್ ತುಳಿಯದೆ ಹಿಂದಿನ ಚಕ್ರದ ಮೇಲಷ್ಟೇ ಸಾಗುವುದು) ಅಥವಾ ಬನ್ನಿ ಹಾಪ್ (ಸೈಕಲ್ ಸಮೇತ ಜಿಗಿಯುವುದು) ಕಲಿಯುವಾಗ ಹ್ಯಾಂಡಲನ್ನು ಅತಿಯಾಗಿ ಎಳೆದು, ಸೈಕಲ್ ಮುಂದೆ ಓಡಿ, ಸವಾರರು ಹಿಂದಕ್ಕೆ ಬೀಳುವುದು. ಇಲ್ಲಿ ಪೆಟ್ಟು ಸೊಂಟದ ಕೆಳಗಿನ ಬಾಲದೆಲುಬಿಗೆ ಮತ್ತು ಹಿಂದಲೆಗೆ. ನಾಲ್ಕು, ತಿರುವಿನಲ್ಲಿ ಚಕ್ರ ಜಾರಿ ಪಕ್ಕಕ್ಕೆ ಮಲಗುವುದು. ಇದರಲ್ಲಿ ಮೊಣಕೈ, ಸೊಂಟದ ಪಕ್ಕ, ಮೊಣಕಾಲಿನ ಹೊರಬದಿ ತರಚುತ್ತದೆ.

ಇಷ್ಟು ತಲೆಯಲ್ಲಿದ್ದರೆ ಕೊಳ್ಳುವ ಕ್ರಮ ತಾನಾಗಿಯೇ ಸಿಗುತ್ತದೆ. ಮೊದಲು ಹೆಲ್ಮೆಟ್, ಅದರ ಜೊತೆಗೇ ಬೆರಳು ಪೂರ್ತಿ ಮುಚ್ಚುವ ಕೈಗವಸು ಮತ್ತು ಚಪ್ಪಟೆ ಸೋಲಿನ ಶೂ. ನಂತರ ಮೊಣಕಾಲು ಮತ್ತು ಕಣಕಾಲು. ಆಮೇಲೆ ಮೊಣಕೈ. ಕೈಯಲ್ಲಿ ನೂರು ರೂಪಾಯಿ ಇದೆ ಎಂದಿಟ್ಟುಕೊಂಡರೆ ಅದರಲ್ಲಿ ಐವತ್ತು ಹೆಲ್ಮೆಟ್ಟಿಗೇ ಹೋಗಲಿ.

ಹೆಲ್ಮೆಟ್

ಆಯ್ಕೆಗೆ ಮೂರು ಬಗೆ ಸಿಗುತ್ತವೆ: ಗಾಳಿಕಿಂಡಿಗಳ ಮಾಮೂಲಿ ರೋಡ್ ಸೈಕಲ್ ಹೆಲ್ಮೆಟ್, ಬಟ್ಟಲು ಕವುಚಿದಂತಿರುವ ಹಾಫ್ ಶೆಲ್, ಗದ್ದದವರೆಗೂ ಮುಚ್ಚುವ ಫುಲ್ ಫೇಸ್.

ರೋಡ್ ಹೆಲ್ಮೆಟ್ ಹಗುರ, ತಲೆ ಬೆವರುವುದೂ ಕಡಿಮೆ. ಆದರೆ ಬಹಳಷ್ಟು ಮಾದರಿಗಳಲ್ಲಿ ಹಿಂದಲೆಯ ಕೆಳಭಾಗ ಬರಿದಾಗಿ ಉಳಿಯುತ್ತದೆ. ಹಿಂದಕ್ಕೆ ಬೀಳುವವರಿಗೆ ಮುಚ್ಚಬೇಕಾದ ಜಾಗವೇ ಅದು. ಮನೆಯಲ್ಲಿ ಈಗಾಗಲೇ ಒಳ್ಳೆಯದೊಂದು ಇದ್ದರೆ ಸಮತಟ್ಟಾದ ಅಂಗಳದಲ್ಲಿ ನಿಂತು ಓಡಿಸಲು, ಬ್ರೇಕ್ ಹಿಡಿಯಲು ಕಲಿಯುವ ಮೊದಲ ದಿನಗಳಿಗೆ ನಡೆಯುತ್ತದೆ. ರ‍್ಯಾಂಪಿಗೆ ಇಳಿಯುವ ಹೊತ್ತಿಗೆ ಬದಲಾಯಿಸಿ.

ಹಾಫ್ ಶೆಲ್ ಸಾಮಾನ್ಯವಾಗಿ 400ರಿಂದ 500 ಗ್ರಾಂ ತೂಗುತ್ತದೆ. ಹಿಂದಲೆಯನ್ನು ಕೆಳಗಿನವರೆಗೆ ಹಿಡಿಯುತ್ತದೆ, ಕಣ್ಣಿಗೆ ಅಡ್ಡ ಬರುವುದಿಲ್ಲ. ಪಾರ್ಕ್ (ರ‍್ಯಾಂಪುಗಳ ಮೇಲಿನ ಕಸರತ್ತು), ಸ್ಟ್ರೀಟ್ (ಬೀದಿಯ ಮೆಟ್ಟಿಲು, ಕಂಬಿಗಳ ಮೇಲಿನದು), ಫ್ಲಾಟ್‌ಲ್ಯಾಂಡ್ (ಸಮತಟ್ಟು ನೆಲದ ಮೇಲಿನದು) ಕಲಿಯುವ ಹೆಚ್ಚಿನವರಿಗೆ ಇದೇ ಸರಿ. ಆದರೆ ಇದರಲ್ಲೇ ದೊಡ್ಡ ಮೋಸ ಹೋಗುವುದೂ ಉಂಟು. ಹೊರಗಿನಿಂದ ಒಂದೇ ತರ ಕಾಣುವ ಎರಡು ಹಾಫ್ ಶೆಲ್‌ಗಳ ಒಳಗೆ ಬೇರೆಬೇರೆ ಫೋಮ್ ಇರುತ್ತದೆ, ಬೇರೆಬೇರೆ ಪರೀಕ್ಷೆ ದಾಟಿ ಬಂದಿರುತ್ತವೆ. ತಿರುಗಿಸಿ ಒಳಗಿನ ಚೀಟಿ ಓದಿ. ಸಿಪಿಎಸ್‌ಸಿ ಎಂಬುದು ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ, ಅದರ ಸೈಕಲ್ ಹೆಲ್ಮೆಟ್ ನಿಯಮವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಅದರಲ್ಲಿ ಹೆಲ್ಮೆಟ್ಟನ್ನು ಚಪ್ಪಟೆ ಲೋಹದ ಮೇಲೆ 2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಯುರೋಪಿನ ಇಎನ್ 1078ರಲ್ಲಿ ಸುಮಾರು 1.5 ಮೀಟರ್. ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಎಫ್ 1492 ಎನ್ನುವುದು ಸ್ಕೇಟ್‌ಬೋರ್ಡ್ ಹೆಲ್ಮೆಟ್ಟಿನದು. ಅದರಲ್ಲಿ ಬೀಳಿಸುವ ಎತ್ತರ ಕಡಿಮೆ, ಆದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಕೊಡುತ್ತಾರೆ. ಬರೀ 1492 ಎಂದಷ್ಟೇ ಬರೆದಿರುವ ಹೆಲ್ಮೆಟ್ಟಿನ ಒಳಮೈ ಮೆತ್ತಗಿದ್ದು ಹಾಕಿಕೊಳ್ಳಲು ಹಿತವಾಗಿರುತ್ತದೆ. ಸಣ್ಣಪುಟ್ಟ ಪೆಟ್ಟಿಗೆ ಅದು ಸಾಕು, ವೇಗದಲ್ಲಿ ಬಿದ್ದ ಒಂದು ದೊಡ್ಡ ಪೆಟ್ಟಿಗೆ ಸಾಲದು. ಸಿಪಿಎಸ್‌ಸಿ ಮತ್ತು 1492 ಎರಡೂ ಇರುವುದು ಸಿಕ್ಕರೆ ಅದನ್ನೇ ಆರಿಸಿ. ಟಿಎಸ್‌ಜಿ, ಪ್ರೊ-ಟೆಕ್‌ನಂಥ ಸ್ಕೇಟ್ ಕಂಪನಿಗಳಲ್ಲೂ ಮಾದರಿಯಿಂದ ಮಾದರಿಗೆ ಇದು ಬದಲಾಗುವುದರಿಂದ ಹೆಸರು ನೋಡಿ ಕೊಳ್ಳುವುದಕ್ಕಿಂತ ಚೀಟಿ ನೋಡಿ ಕೊಳ್ಳುವುದು ಲೇಸು. ಸಿಪಿಎಸ್‌ಸಿ ಚೀಟಿಯಿದ್ದರೆ ತಯಾರಿಸಿದವರ ಹೆಸರು, ವಿಳಾಸ, ತಯಾರಾದ ತಿಂಗಳು-ವರ್ಷ ಕೂಡ ಸಿಗಬೇಕು. ಅದ್ಯಾವುದೂ ಇಲ್ಲದೆ ಹೊರಗೆ ಹೊಳೆಯುವ ಸ್ಟಿಕರ್ ಮಾತ್ರ ಇದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

ಫುಲ್ ಫೇಸ್ ಯಾರಿಗೆ? ರೇಸಿಂಗ್ ಕಲಿಯುವವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐನ ರೇಸಿಂಗ್ ನಿಯಮದಲ್ಲಿ ಫುಲ್ ಫೇಸ್ ಹೆಲ್ಮೆಟ್, ಬೆರಳು ಮುಚ್ಚುವ ಕೈಗವಸು, ಮಣಿಕಟ್ಟಿನವರೆಗಿನ ಉದ್ದ ತೋಳಿನ ಜೆರ್ಸಿ ಕಡ್ಡಾಯ. ಮಣ್ಣಿನ ಜಂಪ್, ಉಬ್ಬುತಗ್ಗುಗಳ ಮೇಲೆ ವೇಗವಾಗಿ ಸಾಗುವ ಪಂಪ್ ಟ್ರ್ಯಾಕ್ ಕಲಿಯುವವರಿಗೂ ಹ್ಯಾಂಡಲ್ ಮೇಲಿಂದ ಹಾರುವ ಅಪಾಯ ಹೆಚ್ಚಿರುವುದರಿಂದ ಹಲ್ಲು-ದವಡೆ ಉಳಿಸಲು ಇದೇ ಬೇಕು. ಇದರಲ್ಲಿ ನೋಡಬೇಕಾದ ಗುರುತು ಎಎಸ್‌ಟಿಎಂ ಎಫ್ 2032 ಅಥವಾ ಎಫ್ 1952. ಮೊದಲನೆಯದು ಬಿಎಂಎಕ್ಸ್‌ಗೆಂದೇ ಬರೆದ ಮಾನದಂಡ. ಎರಡನೆಯದು ಬೆಟ್ಟದಿಂದ ಇಳಿಯುವ ಡೌನ್‌ಹಿಲ್ ಮೌಂಟನ್ ಬೈಕ್ ರೇಸಿನದು, ಗದ್ದದ ಪಟ್ಟಿಯ ಗಟ್ಟಿತನವನ್ನೂ ಪರೀಕ್ಷಿಸುತ್ತದೆ. ತೂಕ 700 ಗ್ರಾಂನಿಂದ ಒಂದು ಕೆ.ಜಿ. ಆಸುಪಾಸು. ಏಳೆಂಟು ವರ್ಷದ ಮಗುವಿನ ಕತ್ತಿಗೆ ಈ ವ್ಯತ್ಯಾಸ ಸಣ್ಣದಲ್ಲ, ಇರುವುದರಲ್ಲಿ ಹಗುರವಾದದ್ದನ್ನೇ ಹುಡುಕಿ.

ಮಿಪ್ಸ್ ಎಂಬ ಹಳದಿ ಗುರುತು ಇರುವ ಹೆಲ್ಮೆಟ್ಟುಗಳು ತುಸು ದುಬಾರಿ. ಸ್ವೀಡನ್ನಿನಲ್ಲಿ ಹುಟ್ಟಿದ ಈ ವ್ಯವಸ್ಥೆಯಲ್ಲಿ ಫೋಮಿಗೂ ತಲೆಗೂ ನಡುವೆ ಜಾರುವ ತೆಳು ಪದರವೊಂದಿದ್ದು, ಓರೆಯಾಗಿ ಬಿದ್ದಾಗ ಹೆಲ್ಮೆಟ್ 10-15 ಮಿಲಿಮೀಟರ್ ಸರಿಯುತ್ತದೆ. ತಲೆಗೆ ತಟ್ಟುವ ತಿರುಚು ಅಷ್ಟರಮಟ್ಟಿಗೆ ತಗ್ಗಲಿ ಎಂಬುದು ಉದ್ದೇಶ. ಕೈಗೆಟುಕಿದರೆ ತೆಗೆದುಕೊಳ್ಳಿ. ಆದರೆ ಮಿಪ್ಸ್ ಇದ್ದು ಅಳತೆ ಸಡಿಲವಾಗಿರುವುದಕ್ಕಿಂತ ಮಿಪ್ಸ್ ಇಲ್ಲದೆ ಅಳತೆ ಸರಿಯಾಗಿರುವುದು ಮೇಲು.

ಇನ್ನು ನಮ್ಮ ಮನೆಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಎರಡನ್ನು ಬಳಸಬೇಡಿ. ಅಪ್ಪನ ಬೈಕಿನ ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ಇದೆಯಲ್ಲ ಎನ್ನಬಹುದು. ಆ ಐಎಸ್ 4151 ಮೋಟಾರು ದ್ವಿಚಕ್ರದ ಸವಾರರಿಗೆ ಬರೆದದ್ದು. ಅಂಥ ಹೆಲ್ಮೆಟ್ ಹೆಚ್ಚಾಗಿ ಒಂದು ಕೆ.ಜಿ.ಗಿಂತ ಭಾರ, ಗಾಳಿ ಆಡುವುದಿಲ್ಲ, ಹತ್ತು ನಿಮಿಷ ಪೆಡಲ್ ತುಳಿದ ಮಗು ಉಸಿರುಗಟ್ಟಿ ಅದನ್ನು ತೆಗೆದೇ ಇಡುತ್ತದೆ. ಕ್ರಿಕೆಟ್ ಹೆಲ್ಮೆಟ್ ಚೆಂಡಿನ ಪೆಟ್ಟಿಗೆ ಮಾಡಿದ್ದು, ಇಡೀ ಮೈಭಾರದೊಂದಿಗೆ ತಲೆ ಕಾಂಕ್ರೀಟಿಗೆ ಬಡಿಯುವುದಕ್ಕಲ್ಲ.

ಅಳತೆ ಸರಿಯಿದೆಯೇ ಎಂದು ನೋಡುವುದು ಹೀಗೆ. ಹುಬ್ಬಿನಿಂದ ಎರಡೂವರೆ ಸೆಂಟಿಮೀಟರ್ ಮೇಲೆ, ಕಿವಿಯ ಮೇಲಿನಿಂದ ಹಾದು, ಹಿಂದಲೆ ಅತಿ ಹೆಚ್ಚು ಉಬ್ಬಿದ ಕಡೆ ಸುತ್ತಿ ಟೇಪು ಹಿಡಿಯಿರಿ. ಬಂದ ಸೆಂಟಿಮೀಟರನ್ನು ಆ ಕಂಪನಿಯ ಪಟ್ಟಿಯೊಂದಿಗೇ ಹೋಲಿಸಿ, ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲ್ ಆಗಿರುತ್ತದೆ. ಎರಡು ಸೈಜಿನ ನಡುವೆ ಬಂದರೆ, ನೋಯದೆ ಕೂರುವ ಚಿಕ್ಕದನ್ನು ತೆಗೆದುಕೊಳ್ಳಿ. "ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ" ಎಂಬ ಲೆಕ್ಕ ಶಾಲೆಯ ಸಮವಸ್ತ್ರಕ್ಕೆ ಸರಿ, ಹೆಲ್ಮೆಟ್ಟಿಗೆ ಸರಿಯಲ್ಲ. ತಲೆಯ ಮೇಲಿಟ್ಟಾಗ ಅಂಚು ಹುಬ್ಬಿನ ಮೇಲೆ ಎರಡು ಬೆರಳಗಲದಲ್ಲಿ, ನೆಲಕ್ಕೆ ಸಮನಾಗಿ ಇರಲಿ. ಪಕ್ಕದ ಪಟ್ಟಿಗಳು ಕಿವಿಯ ಹಾಲೆಯ ಕೆಳಗೆ ವಿ ಆಕಾರದಲ್ಲಿ ಕೂಡಲಿ. ಬಕಲ್ ಹಾಕುವ ಮೊದಲೇ ತಲೆಯನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಿ, ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ಹಣೆಯ ಚರ್ಮವೂ ಅದರೊಂದಿಗೆ ಎಳೆದಂತಾಗಬೇಕು. ಬಕಲ್ ಹಾಕಿ ಬಾಯಿ ದೊಡ್ಡದಾಗಿ ತೆರೆದರೆ ಹೆಲ್ಮೆಟ್ ನೆತ್ತಿಯನ್ನು ಕೆಳಕ್ಕೆ ಒತ್ತಬೇಕು. ಕೊನೆಗೆ ಹಿಂದಿನ ಅಂಚಿಗೆ ಅಂಗೈ ಕೊಟ್ಟು ಮುಂದಕ್ಕೆ ತಳ್ಳಿ. ಕಣ್ಣಿನ ಮೇಲೆ ಉರುಳಿ ಬಂದರೆ ಆ ಹೆಲ್ಮೆಟ್ ನಿಮ್ಮದಲ್ಲ. ಫುಲ್ ಫೇಸಿನಲ್ಲಾದರೆ ಕೆನ್ನೆಯ ಮೆತ್ತೆಗಳು ಕೆನ್ನೆಯನ್ನು ಒತ್ತಿ ಹಿಡಿದಿರಬೇಕು. ಹೊಸದರಲ್ಲಿ ಇಕ್ಕಟ್ಟೆನಿಸಿದರೂ ಬಳಸುತ್ತಾ ಅವು ಸಡಿಲವಾಗುತ್ತವೆ. ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಪರೀಕ್ಷಿಸಿ. ಉದ್ದ ಕೂದಲಿದ್ದರೆ ಕುತ್ತಿಗೆಯ ಬಳಿ ಇಳಿಬಿಟ್ಟ ಜಡೆ ಸರಿ. ಎತ್ತರದ ಜುಟ್ಟು, ತುರುಬು ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳುತ್ತವೆ.

ಗಟ್ಟಿ ಬಿಳಿ ಇಪಿಎಸ್ ಫೋಮ್ ಒಂದು ಪೆಟ್ಟಿಗೆ ಮಾತ್ರ. ತಾನು ಜಜ್ಜಿಹೋಗಿ ತಲೆಯನ್ನು ಉಳಿಸುವುದೇ ಅದರ ಕೆಲಸ, ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರು ಮಾತ್ರ ಕಂಡರೂ ತಲೆ ಜೋರಾಗಿ ಬಡಿದಿದ್ದರೆ ಬದಲಾಯಿಸಿ. ಇಪಿಪಿ ಫೋಮ್ ಹಲವು ಪೆಟ್ಟು ತಾಳುತ್ತದೆ, ಅದರಲ್ಲೂ ಬಿರುಕು ಕಂಡರೆ ಮುಗಿಯಿತು. ಪೆಟ್ಟೇ ಬೀಳದಿದ್ದರೂ 5ರಿಂದ 10 ವರ್ಷದೊಳಗೆ ಬದಲಿಸಿ ಎಂಬುದು ಸಿಪಿಎಸ್‌ಸಿಯ ಸಲಹೆ. ಬೇಸಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ, ಪೆಟ್ರೋಲ್ ಅಥವಾ ಥಿನ್ನರ್ ಹಾಕಿ ಒರೆಸಬೇಡಿ, ಎರಡೂ ಫೋಮನ್ನು ಕೆಡಿಸುತ್ತವೆ. ಇದೇ ಕಾರಣಕ್ಕೆ ಹೆಲ್ಮೆಟ್ ಒಂದನ್ನು ಮಾತ್ರ ಸೆಕೆಂಡ್ ಹ್ಯಾಂಡ್ ಕೊಳ್ಳಬಾರದು. ಅದು ಎಲ್ಲಿ ಬಿದ್ದಿತ್ತೋ ಯಾರಿಗೆ ಗೊತ್ತು.

ಮೊಣಕಾಲು ಮತ್ತು ಕಣಕಾಲು

ಮೊಣಕಾಲಿನ ಪ್ಯಾಡಿನಲ್ಲಿ ಗಟ್ಟಿ ಚಿಪ್ಪಿನದು, ಮೆತ್ತನೆಯ ಸ್ಲೀವ್, ಕಣಕಾಲನ್ನೂ ಸೇರಿಸಿ ಮುಚ್ಚುವ ಉದ್ದನೆಯದು ಎಂದು ಮೂರು ಬಗೆ. ಗಟ್ಟಿ ಚಿಪ್ಪು ಕಾಂಕ್ರೀಟ್ ಮೇಲೆ ಜಾರುತ್ತದೆ. ಜಾರುವುದು ಒಳ್ಳೆಯದೇ, ಬಟ್ಟೆ ಅಥವಾ ರಬ್ಬರ್ ಮೈಯ ಪ್ಯಾಡ್ ನೆಲಕ್ಕೆ ಕಚ್ಚಿಕೊಂಡರೆ ಮೈ ಮುಂದೆ ಹೋಗಿ ಮೊಣಕಾಲು ಅಲ್ಲೇ ನಿಂತುಬಿಡುತ್ತದೆ. ಆದರೆ ಸ್ಕೇಟ್‌ಬೋರ್ಡಿನವರ ದಪ್ಪ ಚಿಪ್ಪಿನ ಪ್ಯಾಡ್ ಬಿಎಂಎಕ್ಸ್‌ನಲ್ಲಿ ಫ್ರೇಮಿಗೂ ಹ್ಯಾಂಡಲ್ಲಿಗೂ ತಾಗುತ್ತದೆ, ಪೆಡಲ್ ತುಳಿದಂತೆಲ್ಲ ಕೆಳಗಿಳಿಯುತ್ತದೆ. ಡಿ3ಒದಂಥ ವಸ್ತುವಿನ ತೆಳು ಸ್ಲೀವ್ ಜೀನ್ಸ್ ಒಳಗೆ ಹಿಡಿಸುತ್ತದೆ. ಸುಮ್ಮನಿದ್ದಾಗ ಮೆತ್ತಗಿದ್ದು ಪೆಟ್ಟು ಬಿದ್ದ ಕ್ಷಣ ಬಿಗಿಯುವುದು ಅದರ ಗುಣ. ಬೆಲೆ ಹೆಚ್ಚು. ಹೊಸಬರಿಗೆ ನಮ್ಮ ಆಯ್ಕೆ ನಡುವಿನದು: ಮೆತ್ತನೆಯ ಸ್ಲೀವ್, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಚಿಪ್ಪು, ಮೇಲೆ-ಕೆಳಗೆ ಒಂದೊಂದು ಪಟ್ಟಿ.

ಹಾಕಿಕೊಂಡು ಹತ್ತು ಬಸ್ಕಿ ಹೊಡೆಯಿರಿ. ಆಮೇಲೆ ಅಂಗೈಯಿಂದ ಪ್ಯಾಡನ್ನು ಕೆಳಕ್ಕೆ ತಳ್ಳಿ. ಕೈಗೆ ಜಾರಿದ್ದು ಬಿದ್ದಾಗಲೂ ಜಾರುತ್ತದೆ, ಮೊಣಕಾಲಿನ ಚಿಪ್ಪು ಬರಿದಾಗುತ್ತದೆ. ಕೆಳಗಿನ ಪಟ್ಟಿ ಬಿಗಿಯಾಗಿರಲಿ, ಮೇಲಿನದು ತುಸು ಸಡಿಲವಿರಲಿ. ತೊಡೆ ಬಿಗಿದಾಗ ಉಬ್ಬುವುದರಿಂದ ಮೇಲಿನ ಪಟ್ಟಿಯೇ ಇಡೀ ಪ್ಯಾಡನ್ನು ಕೆಳಗೆ ದೂಡುವುದುಂಟು. ಒಳ ಅಂಚಿನ ಸಿಲಿಕಾನ್ ಪಟ್ಟಿ ಬರಿಯ ಚರ್ಮಕ್ಕೆ ಹಿಡಿಯುತ್ತದೆ, ಎಣ್ಣೆ ಹಚ್ಚಿದ ಕಾಲಿಗಾಗಲಿ ಪೌಡರ್ ಹಾಕಿದ ಕಾಲಿಗಾಗಲಿ ಹಿಡಿಯುವುದಿಲ್ಲ.

ಕಣಕಾಲಿಗೆ ಪೆಡಲ್ ಬಡಿಯುವುದು ಹೇಗೆಂದು ತುಸು ನಿಧಾನವಾಗಿ ನೋಡಿ. ಮುಂದಿನ ಕಾಲು ಜಾರಿದ ಕೂಡಲೇ ಪೂರ್ತಿ ಮೈಭಾರ ಹಿಂದಿನ ಪೆಡಲ್ ಮೇಲೆ ಬೀಳುತ್ತದೆ. ದೊಡ್ಡವರ ಬಿಎಂಎಕ್ಸ್‌ನಲ್ಲಿ ಪೆಡಲ್ ಜೋಡಿಸಿದ ಕ್ರ್ಯಾಂಕ್ ತೋಳು ಸಾಮಾನ್ಯವಾಗಿ 170-175 ಮಿಲಿಮೀಟರ್. ಅಷ್ಟುದ್ದದ ಸನ್ನೆ ಮೈಭಾರದಿಂದ ಗಿರ್ರನೆ ತಿರುಗುತ್ತದೆ, ಖಾಲಿಯಾದ ಪೆಡಲಿನ ಅಂಚು ಮೇಲೆದ್ದು ಮಾಂಸವೇ ಇಲ್ಲದ ಮುಂಭಾಗದ ಎಲುಬಿಗೆ ನೇರ ಬಡಿಯುತ್ತದೆ. ಪೆಡಲಿನಲ್ಲಿ ಲೋಹದ ಮೊಳೆಗಳಿದ್ದರೆ ಸಾಲುಸಾಲು ಸೀಳು. ಇಲ್ಲಿ ಅತಿ ಅಗ್ಗದ ರಕ್ಷಣೆ ಪ್ಯಾಡ್ ಅಲ್ಲ, ಪೆಡಲ್. ಮೊದಲ ವರ್ಷ ಅಚ್ಚಿನಲ್ಲೇ ಮೂಡಿದ ಮೊಂಡು ಮೊಳೆಗಳ ಪ್ಲಾಸ್ಟಿಕ್ ಪೆಡಲ್ ಇರಲಿ. ಹಿಡಿತ ಸ್ವಲ್ಪ ಕಡಿಮೆಯಾದರೂ ಗಾಯ ಬಾವಿನಲ್ಲೇ ಮುಗಿಯುತ್ತದೆ, ಹೊಲಿಗೆಯವರೆಗೆ ಹೋಗುವುದು ವಿರಳ.

ಅದರ ಜೊತೆಗೆ ಫುಟ್‌ಬಾಲ್ ಆಡುವವರ ಶಿನ್ ಗಾರ್ಡ್ ಸಾಕೇ? ಮುಂಭಾಗಕ್ಕೆ ಸಾಕು, ಉದ್ದ ಕಾಲುಚೀಲದೊಳಗೆ ಗಟ್ಟಿಯಾಗಿ ಕೂರುವಂತಿದ್ದರೆ ಹಣಕ್ಕೆ ಮೋಸವಿಲ್ಲ. ಅಂಗೈಯಗಲದ ಪುಟಾಣಿ ಗಾರ್ಡ್ ಬೇಡ. ಮೊಣಕಾಲಿನ ಪ್ಯಾಡ್ ಮುಗಿಯುವಲ್ಲಿಂದ ಕಾಲ್ಗಿಣ್ಣಿನ ನಾಲ್ಕು ಬೆರಳು ಮೇಲಿನವರೆಗೆ ಮುಚ್ಚುವಂಥದ್ದು ನೋಡಿ. ಅದು ಕಾಯದ ಜಾಗ ಒಂದಿದೆ, ಮೀನಖಂಡ. ಪಾದ ಮುಂದಕ್ಕೆ ಜಾರಿದಾಗ ಪೆಡಲ್ ಹಿಂದಿನಿಂದ ಬಂದು ಅಲ್ಲಿ ಬಡಿಯುತ್ತದೆ. ಸುತ್ತಲೂ ಮುಚ್ಚುವ ಬಿಎಂಎಕ್ಸ್ ಶಿನ್ ಪ್ಯಾಡಿನ ಅನುಕೂಲ ಇದೇ. ವಾರಕ್ಕೊಮ್ಮೆ ಓಡಿಸುವ ಮಗುವಿಗೆ ಫುಟ್‌ಬಾಲಿನದು ಸಾಕು. ಬನ್ನಿ ಹಾಪ್ ಅಭ್ಯಾಸಕ್ಕೆ ದಿನಾ ಇಳಿಯುವವರು ಸುತ್ತುವ ಬಗೆಯದನ್ನೇ ಕೊಳ್ಳಲಿ.

ಪ್ಯಾಡುಗಳನ್ನು ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಣಗಲು ಎರಡು ದಿನ ಹಿಡಿಯಬಹುದು, ಹಸಿಯಾಗಿ ಚೀಲದೊಳಗಿಟ್ಟರೆ ಬೂಷ್ಟು ಬಂದು ಚರ್ಮ ತುರಿಸುತ್ತದೆ. ವೆಲ್‌ಕ್ರೋ ಹಿಡಿಯದಾದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೂದಲು, ನೂಲು ಕಿತ್ತು ತೆಗೆಯಿರಿ, ಹೆಚ್ಚಿನ ಸಲ ಮತ್ತೆ ಹಿಡಿಯುತ್ತದೆ. ಫೋಮ್ ಒತ್ತಿದರೆ ಮತ್ತೆ ಏಳುವ, ಪಟ್ಟಿಗಳ ಹಿಗ್ಗು ಸತ್ತಿರದ ಪ್ಯಾಡುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಅಡ್ಡಿಯಿಲ್ಲ.

ಕೈ

ಬೀಳುವಾಗ ಕೈ ಚಾಚುವುದು ಹುಟ್ಟುಗುಣ, ಆದ್ದರಿಂದ ಮೊದಲ ದಿನದಿಂದಲೇ ಕೈಗವಸು ಬೇಕು. ಅರ್ಧ ಬೆರಳಿನ ಸೈಕಲ್ ಕೈಗವಸು ಅಂಗೈ ಉಳಿಸಿ ಬೆರಳ ತುದಿ ಬಿಟ್ಟುಕೊಡುತ್ತದೆ. ಬೈಕಿನವರ ಗೆಣ್ಣು ಕವಚದ ಕೈಗವಸು ಬಿರುಸು, ಬ್ರೇಕ್ ಲಿವರ್ ಎಲ್ಲಿದೆ ಎಂದೇ ಬೆರಳಿಗೆ ತಿಳಿಯುವುದಿಲ್ಲ. ಅಂಗೈಗೆ ದಪ್ಪ ಮೆತ್ತೆ ಇರುವುದೂ ಬೇಡ. ಹಿಡಿಕೆ ದಪ್ಪವಾದಂತಾಗಿ ಬಲವಾಗಿ ಹಿಡಿಯಬೇಕಾಗುತ್ತದೆ, ಮುಂಗೈ ಬೇಗ ಸೋಲುತ್ತದೆ. ಅಂಗೈಗೆ ಒಂದೇ ಪದರದ ಕೃತಕ ಚರ್ಮ, ಪೂರ್ತಿ ಬೆರಳು, ಮುಷ್ಟಿ ಬಿಗಿದಾಗ ಒಳಗೆ ಬಟ್ಟೆ ಮುದುಡಬಾರದು, ಬೆರಳ ತುದಿಯಲ್ಲಿ ಖಾಲಿ ಬಟ್ಟೆ ಉಳಿಯಬಾರದು.

ಆರು ಪೀಸಿನ ಸೆಟ್ಟಿನ ಮಣಿಕಟ್ಟು ಕವಚವನ್ನು ಇಲ್ಲಿ ಬಳಸಬೇಡಿ. ಅದರೊಳಗಿನ ಗಟ್ಟಿ ಪಟ್ಟಿ ಮಣಿಕಟ್ಟು ಬಾಗದಂತೆ ತಡೆಯುತ್ತದೆ. ಸ್ಕೇಟರ್‌ಗಳ ಕೈ ಖಾಲಿ, ಅವರಿಗೆ ಸರಿ. ಹ್ಯಾಂಡಲ್ ಹಿಡಿದವರಿಗೆ ಮಣಿಕಟ್ಟು ಬಾಗಲೇಬೇಕು, ಬಾಗದಿದ್ದರೆ ಹಿಡಿತ ತಪ್ಪುತ್ತದೆ.

ಮೊಣಕೈ ಪ್ಯಾಡ್ ಕಾಂಕ್ರೀಟ್ ಪಾರ್ಕಿನಲ್ಲಿ ಕಲಿಯುವವರಿಗೆ ಬೇಕು. ಮಣ್ಣಿನ ಟ್ರ್ಯಾಕಿನಲ್ಲಿ ದಪ್ಪ ಬಟ್ಟೆಯ ಉದ್ದ ತೋಳಿನ ಅಂಗಿಯೇ ಬಹಳಷ್ಟು ತರಚು ತಡೆಯುತ್ತದೆ. ಬೆನ್ನಿನ ಕವಚ, ಕುತ್ತಿಗೆಪಟ್ಟಿ ಈ ಹಂತಕ್ಕೆ ಬೇಡ.

ಶೂ, ಬಾಯಿ

ಓಟದ ಶೂವಿನ ಮೆತ್ತನೆಯ ಉಬ್ಬುತಗ್ಗಿನ ಸೋಲು ಪೆಡಲಿನ ಮೊಳೆಗಳ ಮೇಲೆ ಸರಿಯಾಗಿ ಕೂರುವುದಿಲ್ಲ. ಶಾಲೆಯ ಕಪ್ಪು ಶೂ ಜಾರುತ್ತದೆ. ಪಿ.ಟಿ. ತರಗತಿಯ ಬಿಳಿ ಕ್ಯಾನ್ವಾಸ್ ಶೂ ಹಿಡಿತಕ್ಕೆ ಪರವಾಗಿಲ್ಲ, ಆದರೆ ತೆಳು ಸೋಲಿನಲ್ಲಿ ಪಾದ ನೋಯುತ್ತದೆ, ಕಾಲ್ಬೆರಳಿಗೆ ಕಾವಲಿಲ್ಲ. ದಪ್ಪ, ಚಪ್ಪಟೆ ರಬ್ಬರ್ ಸೋಲಿನ ಸ್ಕೇಟ್ ಶೂ ಎಲ್ಲಕ್ಕಿಂತ ಒಳ್ಳೆಯದು. ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿ, ಚೈನ್ ಇರುವ ಕಡೆಯ ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸಿ.

ಹಾಫ್ ಶೆಲ್ ಹಾಕುವವರು ಬಾಯಿಗವಸು ಒಂದನ್ನು ಇಟ್ಟುಕೊಳ್ಳಿ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಹಲ್ಲಿನಲ್ಲಿ ಕಚ್ಚಿ ಆಕಾರ ಕೊಡುವ ಬಗೆಯದು ಸಾಕು. ಎಷ್ಟು ಸೆಕೆಂಡು ಎಂಬುದನ್ನು ಪೊಟ್ಟಣದಲ್ಲಿ ಬರೆದಂತೆಯೇ ಮಾಡಿ, ಹೆಚ್ಚು ಹೊತ್ತು ಬಿಟ್ಟರೆ ಆಕಾರ ಕರಗುತ್ತದೆ. ಬಾಯಿ ತೆರೆದರೂ ಕೆಳಗೆ ಬೀಳದಿದ್ದರೆ ಸರಿಯಾಗಿದೆ. ಹಲ್ಲಿಗೆ ತಂತಿ ಹಾಕಿಸಿದ್ದರೆ ದಂತವೈದ್ಯರನ್ನು ಕೇಳಿಯೇ ಕೊಳ್ಳಿ.

ಎಲ್ಲಿ ಓಡಿಸುವಿರಿ?

ಅಪಾರ್ಟ್‌ಮೆಂಟ್ ಅಂಗಳ, ಖಾಲಿ ರಸ್ತೆಯಂಥ ಸಮತಟ್ಟು ಜಾಗವಾದರೆ ಹಾಫ್ ಶೆಲ್, ಕೈಗವಸು, ಶೂ, ಶಿನ್ ಗಾರ್ಡ್. ಕಾಂಕ್ರೀಟ್ ಸ್ಕೇಟ್‌ಪಾರ್ಕಿಗೆ ಇವುಗಳ ಜೊತೆ ಚಿಪ್ಪಿರುವ ಮೊಣಕಾಲು ಪ್ಯಾಡ್, ಮೊಣಕೈ ಪ್ಯಾಡ್, ಬಾಯಿಗವಸು. ಪಂಪ್ ಟ್ರ್ಯಾಕ್, ಮಣ್ಣಿನ ಜಂಪ್, ರೇಸಿಂಗಿಗೆ ಫುಲ್ ಫೇಸ್, ಉದ್ದ ತೋಳು, ಉದ್ದ ಪ್ಯಾಂಟು, ಅದರೊಳಗೆ ಮೊಣಕಾಲು-ಕಣಕಾಲು ಸೇರಿದ ಪ್ಯಾಡ್. ಒಲಿಂಪಿಕ್ಸ್‌ನಲ್ಲಿ ರೇಸಿಂಗ್ 2008ರಿಂದ, ಫ್ರೀಸ್ಟೈಲ್ ಪಾರ್ಕ್ ಟೋಕಿಯೊ ಕೂಟದಿಂದ ಇದೆ. ಪಾರ್ಕ್ ಸ್ಪರ್ಧಿಗಳು ಟಿ-ಶರ್ಟ್, ಹಾಫ್ ಶೆಲ್‌ನಲ್ಲೇ ಹಾರುವುದನ್ನು ಟಿವಿಯಲ್ಲಿ ನೋಡಿ ಮಕ್ಕಳು ಪ್ಯಾಡ್ ಬೇಡ ಎನ್ನುತ್ತಾರೆ. ಆ ಸ್ಪರ್ಧಿಗಳು ಬೀಳುವುದನ್ನೂ ವರ್ಷಗಟ್ಟಲೆ ಕಲಿತವರು ಎಂದು ಮಕ್ಕಳಿಗೆ ಹೇಳಿ. ರಾಯಚೂರು, ಕಲಬುರಗಿಯಂಥ ಬಿಸಿಲೂರಿನಲ್ಲಿ ಸೆಕೆಯೆಂದು ಪ್ಯಾಡ್ ಬಿಚ್ಚುವ ಬದಲು ಅಭ್ಯಾಸವನ್ನೇ ಬೆಳಗಿನ ಎಂಟರೊಳಗೆ ಮುಗಿಸಿ.

ಸೈಕಲ್ಲಿನಲ್ಲೇ ನೋಡಬೇಕಾದದ್ದು

ಮೈಮೇಲೆ ಎಷ್ಟು ಹಾಕಿಕೊಂಡರೂ ಹ್ಯಾಂಡಲಿನ ತುದಿ ತೆರೆದಿದ್ದರೆ ಪ್ರಯೋಜನವಿಲ್ಲ. ಪದೇ ಪದೇ ನೆಲಕ್ಕೆ ಬಿದ್ದು ಹಿಡಿಕೆಯ ರಬ್ಬರ್ ತುದಿಯಲ್ಲಿ ಹರಿಯುತ್ತದೆ, ಒಳಗಿನ ಕೊಳವೆಯ ಅಂಚು ಹೊರಗೆ ಕಾಣುತ್ತದೆ. ಆ ದುಂಡು ಅಂಚು ಹೊಟ್ಟೆಗೋ ತೊಡೆಗೋ ನಾಟಿದರೆ ಕತ್ತರಿಸಿದಂತೆ ಗಾಯವಾಗುತ್ತದೆ. ತುದಿಗೆ ಹಾಕುವ ಪ್ಲಗ್ ಬಹಳ ಅಗ್ಗದ ವಸ್ತು. ಪ್ರತಿ ಸಲ ಹೊರಡುವ ಮೊದಲು ಎರಡೂ ಕಡೆ ಬೆರಳಾಡಿಸಿ ಅದು ಇದೆಯೇ ನೋಡಿ, ಹಿಡಿಕೆ ಹರಿದಿದ್ದರೆ ಬದಲಿಸಿ. ಚಕ್ರದ ಪಕ್ಕಕ್ಕೆ ಚಾಚುವ ಗೂಟಗಳಾದ ಪೆಗ್‌ಗಳನ್ನು ಗ್ರೈಂಡ್ (ಕಂಬಿ, ಕಟ್ಟೆಯಂಚಿನ ಮೇಲೆ ಪೆಗ್ ಊರಿ ಜಾರುವುದು) ಕಲಿಯುವವರೆಗೆ ಬಿಚ್ಚಿಡಿ. ಬ್ರೇಕ್ ಇಲ್ಲದೆ ಮಾರುವ ಫ್ರೀಸ್ಟೈಲ್ ಸೈಕಲ್ಲುಗಳಿವೆ, ಹೊಸಬರು ಹಿಂದಿನ ಬ್ರೇಕ್ ಇರುವುದನ್ನೇ ಕೇಳಿ ಕೊಳ್ಳಿ.

ಹ್ಯಾಂಡಲ್ ಹೊಟ್ಟೆಗೆ ಬಲವಾಗಿ ತಾಗಿದ ಮಗುವಿಗೆ ಹೊರಗೆ ಗಾಯವೇ ಕಾಣದಿದ್ದರೂ ಹೊಟ್ಟೆನೋವು ಹೆಚ್ಚುತ್ತಿದ್ದರೆ, ವಾಂತಿಯಾದರೆ, ಮುಖ ಬಿಳಿಚಿಕೊಂಡರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ಅಂಗಕ್ಕೆ ಪೆಟ್ಟಾಗಿರಬಹುದು. ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಅತಿಯಾದ ಮಂಪರು, ತೊದಲು ಮಾತು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಂಡರೂ ಹಾಗೆಯೇ ಮಾಡಿ. ವೈದ್ಯರು ಒಪ್ಪುವವರೆಗೆ ಸೈಕಲ್ ಹತ್ತಿಸಬೇಡಿ.